ಅಳು ಯಾರದು: ಕಣ್ಣಿನದೊ, ಕರುಳಿನದೊ, ಕೇರಿಯದೊ?

ಗಜೇಂದ್ರಗಡ, ರೋಣ, ನರೇಗಲ್ಲ ಸುತ್ತಿನ ಊರುಗಳಲ್ಲಿ ಸಾವಿನ ಮನೆಯ ಅಳುವಿಗೆ ಒಂದು ಧಾಟಿ ಇದೆ. ಹೆಣದ ಮಗ್ಗುಲಲ್ಲಿ ಕುಳಿತ ಹೆಣ್ಣುಮಕ್ಕಳು ಸತ್ತವರ ಗುಣ, ಅವರು ಕಟ್ಟಿದ ಮನೆ, ಮಾಡಿದ ಲಗ್ನಗಳು, ಬಿಟ್ಟುಹೋದ ಮಕ್ಕಳು ಎಂದು ಒಂದೊಂದನ್ನೇ ಎತ್ತಿಕೊಂಡು ರಾಗವಾಗಿ ಅಳುತ್ತಾರೆ. ಇದನ್ನು ಹಾಡ್ಯಾಡಿ ಅಳುವುದು ಎನ್ನುತ್ತಾರೆ. ಇದೇ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ಮದುವೆಯ ಹುಡುಗಿ ತವರು ಬಿಡುವಾಗ ಢಾವಲೋ ಹಾಡುತ್ತಾಳೆ. ತಾಯಿ, ಅಣ್ಣ, ಗೆಳತಿಯರ ಕೊರಳಿಗೆ ಬಿದ್ದು ಅಳುವ ಹಾಡದು. ಮದುವೆಗೆ ಮೊದಲೇ ಹಿರಿಯ ಹೆಂಗಸರಿಂದ ಕಲಿತದ್ದು. ಮೊಹರಂ ಬಂದರೆ ಕರ್ಬಲಾದ ಕಥೆಯ ರಿವಾಯತ್ ಪದಗಳು ಕನ್ನಡದಲ್ಲೇ ಕೇಳಿಬರುತ್ತವೆ. ಹಾಡುವವರಲ್ಲಿ ಹಿಂದೂಗಳಿರುತ್ತಾರೆ, ಕೇಳಿ ಕಣ್ಣೊರೆಸಿಕೊಳ್ಳುವವರಲ್ಲೂ ಇರುತ್ತಾರೆ. ಊರ ಹೊರಗೆ ಸಂಜೆ ಮೇದು ಬಂದ ಕುರಿಗಳು ಮರಿಗಳನ್ನು ಕೂಗುತ್ತವೆ, ಮರಿಗಳು ತಾಯಿಯನ್ನು. ಹೊಲದಲ್ಲಿ ಉಳ್ಳಾಗಡ್ಡಿ ಕೊಯ್ಯುವ ಹೆಂಗಸಿನ ಕಣ್ಣಿಂದ ಯಾವ ದುಃಖವೂ ಇಲ್ಲದೆ ನೀರು ಇಳಿಯುತ್ತದೆ.

ಇವೆಲ್ಲಕ್ಕೂ ಒಂದೇ ಕಾರಣ ಹುಡುಕಹೋಗಿ ವಿದ್ವಾಂಸರು ಎರಡು ಸಾವಿರ ವರ್ಷ ಜಗಳವಾಡಿದ್ದಾರೆ. ಅಳುವಿನಲ್ಲಿ ಕಣ್ಣಿನ ನೀರು ಬೇರೆ, ಗಂಟಲಿನ ಕೂಗು ಬೇರೆ, ಅಳಬೇಕಾದ ಹೊತ್ತು ಬೇರೆ. ಮೂರೂ ಮನುಷ್ಯನಲ್ಲಿ ಒಟ್ಟಿಗೆ ಕೂಡಿವೆ, ಆದರೆ ಮೂರರ ಹುಟ್ಟೂ ಒಂದಲ್ಲ. ಒಂದೊಂದು ಪಂಥವೂ ಒಂದೊಂದನ್ನು ಹಿಡಿದು ಅಳುವನ್ನೇ ಹಿಡಿದೆನೆಂದುಕೊಂಡಿತು ಎಂಬುದು ನನ್ನ ಓದಿನ ಸಾರ.

ನೀರಿನ ಮೂರು ಬಗೆ

ಮೇಲಿನ ರೆಪ್ಪೆಯ ಹೊರಮೂಲೆಯ ಹಿಂದೆ ಕಣ್ಣೀರ ಗ್ರಂಥಿ ಇದೆ. ಅಲ್ಲಿಂದ ಬರುವ ನೀರು ಕಣ್ಣಿನ ಮೇಲೆ ಹರಡಿ, ಮೂಗಿನ ಕಡೆಯ ಮೂಲೆಯ ಸಣ್ಣ ರಂಧ್ರಗಳ ಮೂಲಕ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ. ನೀರಿನ ಕೆಳಗೆ ಲೋಳೆಯ ಪದರ, ಮೇಲೆ ಎಣ್ಣೆಯ ಪದರ ಇರುತ್ತವೆ. ರೆಪ್ಪೆ ಬಡಿದಾಗಲೆಲ್ಲ ಕಣ್ಣನ್ನು ತೇವವಾಗಿಡುವ ಈ ನೀರು ಮೊದಲನೆಯ ಬಗೆ. ಇದರಲ್ಲಿ ಸೂಕ್ಷ್ಮಾಣುಗಳನ್ನು ಕೊಲ್ಲುವ ಲೈಸೋಜೈಮ್ ಇದೆ. ಅದನ್ನು 1922ರಲ್ಲಿ ಪ್ರಕಟಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್ ಪ್ರಯೋಗಕ್ಕೆ ಕಣ್ಣೀರು ಬೇಕೆಂದು ನಿಂಬೆಹಣ್ಣಿನ ರಸ ಬಳಸುತ್ತಿದ್ದ.

ಎರಡನೆಯದು ಧೂಳು, ಹೊಗೆ, ಘಾಟಿನ ನೀರು. ಮಳೆಯಾಶ್ರಯದ ಉಳ್ಳಾಗಡ್ಡಿಗೂ ಒಣಮೆಣಸಿನಕಾಯಿಗೂ ಹೆಸರಾದ ಗದಗ ಜಿಲ್ಲೆಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಿಲ್ಲ. ಉಳ್ಳಾಗಡ್ಡಿಯನ್ನು ಕತ್ತರಿಸಿದಾಗ ಅದರ ಕೋಶಗಳು ಒಡೆದು, ಗಂಧಕವುಳ್ಳ ಒಂದು ಅನಿಲ ಹುಟ್ಟಿ ಕಣ್ಣಿಗೆ ತಾಗುತ್ತದೆ. ಆ ಅನಿಲವನ್ನು ತಯಾರಿಸುವ ಪ್ರತ್ಯೇಕ ಕಿಣ್ವವೊಂದು ಉಳ್ಳಾಗಡ್ಡಿಯಲ್ಲಿದೆ ಎಂದು ಜಪಾನಿನ ಸಂಶೋಧಕರು ಪತ್ತೆ ಮಾಡಿದ್ದು 2002ರಲ್ಲಿ. ಅಲ್ಲಿಯವರೆಗೆ ಬೆಳ್ಳುಳ್ಳಿಯಲ್ಲೂ ಇರುವ ಕಿಣ್ವವೇ ಕಣ್ಣೀರಿಗೂ ಕಾರಣವೆಂದು ತಿಳಿಯಲಾಗಿತ್ತು.

ಮೂರನೆಯದೇ ನಮ್ಮ ಪ್ರಶ್ನೆ: ಕಣ್ಣಿಗೆ ಏನೂ ತಾಗದೆ ಮನಸ್ಸಿಗೆ ತಾಗಿ ಬರುವ ನೀರು. ಗ್ರಂಥಿ ಅದೇ, ದಾರಿ ಅದೇ, ಅಪ್ಪಣೆ ಮಾತ್ರ ಮಿದುಳಿನ ಬೇರೆ ಕಡೆಯಿಂದ ಬರುತ್ತದೆ. ಪಾರ್ಶ್ವವಾಯು ಹೊಡೆದ ಕೆಲವರು ದುಃಖವಿಲ್ಲದೆಯೂ ಗಳಗಳನೆ ಅಳುವುದುಂಟು. ಅಳುವ ಯಂತ್ರವೂ ದುಃಖದ ಅನುಭವವೂ ಬೇರ್ಪಡಬಲ್ಲವು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಅಂಥವರ ಮನೆಯವರು ಇದನ್ನು ತಿಳಿದಿರಬೇಕು, ಏಕೆಂದರೆ ಅದಕ್ಕೆ ಚಿಕಿತ್ಸೆ ಇದೆ.

ಭರತನಿಂದ ಡಾರ್ವಿನ್‌ವರೆಗೆ

ಈ ಬೇರ್ಪಡಿಕೆಯನ್ನು ಮೊದಲು ಗಮನಿಸಿದವರಲ್ಲಿ ನಾಟ್ಯಶಾಸ್ತ್ರದ ಭರತನ ಹೆಸರು ಬರಬೇಕು. ಬೆವರು, ರೋಮಾಂಚ, ಸ್ವರಭೇದ, ನಡುಕಗಳ ಜೊತೆ ಅಶ್ರುವನ್ನೂ ಅವನು ಎಂಟು ಸಾತ್ತ್ವಿಕ ಭಾವಗಳಲ್ಲಿ ಎಣಿಸುತ್ತಾನೆ. ಅಶ್ರುವಿಗೆ ಅವನು ಕೊಡುವ ಕಾರಣಗಳಲ್ಲಿ ಆನಂದ, ಸಿಟ್ಟು, ಭಯ, ಶೋಕ ಇವೆ. ಹೊಗೆ, ಕಾಡಿಗೆ, ಆಕಳಿಕೆ, ಚಳಿ, ರೋಗ, ರೆಪ್ಪೆ ಬಡಿಯದ ನೋಟವೂ ಇವೆ. ಮನಸ್ಸಿನ ಕಣ್ಣೀರನ್ನೂ ಹೊಗೆಯ ಕಣ್ಣೀರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಗೊಂದಲವಲ್ಲ, ನಟನಿಗೆ ಬೇಕಾದ ಪೂರ್ಣ ಪಟ್ಟಿ. ಸಾತ್ತ್ವಿಕ ಭಾವ ಮನಸ್ಸಿನ ಏಕಾಗ್ರತೆಯಿಂದ ಹುಟ್ಟುತ್ತದೆ, ಅನ್ಯಮನಸ್ಕನಿಗೆ ಅದು ಸಾಧಿಸದು ಎಂದ ಭರತ, ಅಭಿನಯದ ಅಳು ಸುಳ್ಳಿನ ಅಳುವಾಗಬೇಕಿಲ್ಲ ಎಂಬುದನ್ನು ಕಂಡುಕೊಂಡಿದ್ದ. ಜಾತ್ರೆಯ ಕಂಪನಿ ನಾಟಕಕ್ಕೆ ಟಿಕೀಟು ಕೊಂಡು ಹೋಗಿ ಅತ್ತು ಬರುವ ನಮ್ಮ ಜನಕ್ಕೆ ಕರುಣ ರಸ ಏಕೆ ಹಿತವಾಗುತ್ತದೆ ಎಂಬ ಪ್ರಶ್ನೆಯನ್ನು ಮುಂದೆ ಅಭಿನವಗುಪ್ತ ಬೆಳೆಸಿದ. ಈ ಪ್ರಶ್ನೆ ಇಂದಿನ ಪ್ರಯೋಗಾಲಯಗಳಲ್ಲೂ ಪೂರ್ತಿ ಬಗೆಹರಿದಿಲ್ಲ.

ಆಧುನಿಕ ಚರ್ಚೆ ಶುರುವಾಗುವುದು 1872ರಲ್ಲಿ, ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ ಚಾರ್ಲ್ಸ್ ಡಾರ್ವಿನ್ ಬರೆದ ಪುಸ್ತಕದಿಂದ. ಕೂಸು ಕಿರುಚುವಾಗ ಕಣ್ಣಿನೊಳಗೆ ರಕ್ತದ ಒತ್ತಡ ಏರುತ್ತದೆ. ಕಣ್ಣನ್ನು ಕಾಯಲು ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಆ ಬಿಗಿತದಿಂದ ಗ್ರಂಥಿ ಒತ್ತಿ ನೀರು ಬರುತ್ತದೆ. ದೊಡ್ಡವರಾದ ಮೇಲೆ ಕಿರುಚು ನಿಂತು ನೀರಷ್ಟೇ ಅಭ್ಯಾಸವಾಗಿ ಉಳಿಯುತ್ತದೆ. ಇದು ಅವನ ವಾದ. ದುಃಖದ ಕಣ್ಣೀರಿಗೆ ತನ್ನದೇ ಆದ ಪ್ರಯೋಜನವಿಲ್ಲವೆಂದೇ ಅವನು ತಿಳಿದ. ಎಲ್ಲದಕ್ಕೂ ಉಪಯೋಗ ಹುಡುಕಿದವನು ಇಲ್ಲಿ ಕೈಬಿಟ್ಟನಲ್ಲ ಎಂದು ನಂತರದವರು ಅಲ್ಲಿಂದಲೇ ಎತ್ತಿಕೊಂಡರು. 1884ರಲ್ಲಿ ವಿಲಿಯಂ ಜೇಮ್ಸ್ ಇಡೀ ಕ್ರಮವನ್ನೇ ತಿರುಗಿಸಿ, ದುಃಖವಾದ್ದರಿಂದ ಅಳುವುದಿಲ್ಲ, ಅಳುವುದರಿಂದ ದುಃಖವಾಗುತ್ತದೆ ಎಂದ. 1959ರಲ್ಲಿ ಆಶ್ಲಿ ಮಾಂಟಗು, ಬಿಕ್ಕಿ ಬಿಕ್ಕಿ ಅಳುವ ಕೂಸಿನ ಮೂಗಿನ ಪೊರೆ ಒಣಗದಂತೆ ಕಣ್ಣೀರು ಕಾಯುತ್ತದೆ ಎಂದ. ಪಾಲ್ ಮ್ಯಾಕ್‌ಲೀನ್ ಆದಿಮಾನವರ ಬೆಂಕಿಯ ಹೊಗೆಗೂ ಹೆಣ ಸುಡುವ ದುಃಖಕ್ಕೂ ನಂಟು ಕಲ್ಪಿಸಿದ. ಕಲ್ಪನೆ ಸೊಗಸಾಗಿದೆ, ಪುರಾವೆ ಇಲ್ಲ.

ಅತ್ತರೆ ಹಗುರಾಗುತ್ತದೆಯೆ?

“ಅತ್ತುಬಿಡವ್ವಾ, ಎದಿ ಹಗರ ಆಗ್ತೈತಿ” ಎಂಬುದು ನಮ್ಮ ಕಡೆಯ ಸಮಾಧಾನದ ಮಾತು. ಅರಿಸ್ಟಾಟಲನಿಂದ ಹಿಡಿದು 1895ರಲ್ಲಿ ಉನ್ಮಾದದ ಬಗ್ಗೆ ಪುಸ್ತಕ ಬರೆದ ಬ್ರಾಯರ್ ಮತ್ತು ಫ್ರಾಯ್ಡ್‌ವರೆಗೆ ಹಲವರು ಇದನ್ನೇ ಸಿದ್ಧಾಂತ ಮಾಡಿದರು. ಒಳಗೆ ಕಟ್ಟಿಕೊಂಡದ್ದು ಹೊರಬಂದರೆ ಮನಸ್ಸು ಶುದ್ಧವಾಗುತ್ತದೆ ಎಂಬುದು ಈ ಪಂಥದ ತಿರುಳು. ಇದಕ್ಕೆ ರಸಾಯನಶಾಸ್ತ್ರದ ಆಧಾರ ಕೊಡಲು ಹೊರಟವನು ಅಮೆರಿಕದ ವಿಲಿಯಂ ಫ್ರೇ. 1980ರ ದಶಕದಲ್ಲಿ ಅವನು ದುಃಖದ ಸಿನಿಮಾ ತೋರಿಸಿ ಒಂದು ಕಣ್ಣೀರು, ಉಳ್ಳಾಗಡ್ಡಿ ಹಿಡಿದು ಇನ್ನೊಂದು ಕಣ್ಣೀರು ಸಂಗ್ರಹಿಸಿ, ದುಃಖದ ಕಣ್ಣೀರಿನಲ್ಲಿ ಪ್ರೋಟೀನು ಹೆಚ್ಚಿದೆ ಎಂದ. ಒತ್ತಡದ ಕಾಲದ ವಸ್ತುಗಳನ್ನು ದೇಹ ಹೀಗೆ ಹೊರಹಾಕುತ್ತದೆ ಎಂಬುದು ಅವನ ಊಹೆ.

ಈ ಊಹೆ ಇಂದಿಗೂ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಸತ್ಯವೆಂದೇ ಅಚ್ಚಾಗುತ್ತದೆ. ಆದರೆ ಬೇರೆಯವರ ಪರೀಕ್ಷೆಯಲ್ಲಿ ಆ ವ್ಯತ್ಯಾಸ ಗಟ್ಟಿಯಾಗಿ ನಿಲ್ಲಲಿಲ್ಲ. ಅಲ್ಲದೆ ಕಣ್ಣೀರಿನ ಪ್ರಮಾಣ ಬಹಳ ಸಣ್ಣದು, ಅದರಲ್ಲಿ ಒಂದಷ್ಟು ಮೂಗಿನ ಮೂಲಕ ಮತ್ತೆ ದೇಹಕ್ಕೇ ಸೇರುತ್ತದೆ. ವಿಷ ಹೊರಹಾಕಲು ನಮಗೆ ಮೂತ್ರಪಿಂಡವಿದೆ.

ಹಾಗಾದರೆ ಹಗುರಾಗುವುದು ಭ್ರಮೆಯೆ? ಕಳೆದ ಸಲ ಅತ್ತಾಗ ಏನಾಯಿತು ಎಂದು ಕೇಳಿದರೆ ಹೆಚ್ಚಿನ ಜನ ಸಮಾಧಾನವಾಯಿತು ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಅಳಿಸಿ ಕೂಡಲೇ ಕೇಳಿದರೆ ಮನಸ್ಸು ಮೊದಲಿಗಿಂತ ಕುಗ್ಗಿದೆ ಎನ್ನುತ್ತಾರೆ. ನೆದರ್ಲೆಂಡ್ಸಿನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಆಡ್ ವಿಂಗರ್‌ಹೂಟ್ಸ್ ಮತ್ತು ಅಸ್ಮಿರ್ ಗ್ರಚಾನಿನ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಎರಡನ್ನೂ ಹೊಂದಿಸಿತು. ಸಿನಿಮಾ ನೋಡಿ ಅತ್ತವರ ಮನಸ್ಸು ಮೊದಲು ಕುಸಿಯಿತು, 20 ನಿಮಿಷಕ್ಕೆ ಮೊದಲಿನ ಮಟ್ಟಕ್ಕೆ ಬಂತು, 90 ನಿಮಿಷಕ್ಕೆ ಸಿನಿಮಾ ನೋಡುವ ಮೊದಲಿಗಿಂತಲೂ ಮೇಲೇರಿತು. ಅಳದವರಲ್ಲಿ ಇಂಥ ಏರಿಳಿತವೇ ಕಾಣಲಿಲ್ಲ. ಇನ್ನೊಂದು ಮಾತು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ಮಗ್ಗುಲಲ್ಲಿ ಕುಳಿತು ಕೇಳುವ ಒಬ್ಬರಿದ್ದರೆ ಅಳು ಹಗುರ ಮಾಡುತ್ತದೆ; ನಾಚಿಕೆ ಪಡಿಸುವವರು ಎದುರಿಗಿದ್ದರೆ ಇನ್ನಷ್ಟು ಭಾರ ಮಾಡುತ್ತದೆ. ಖಿನ್ನತೆಯಲ್ಲಿ ಇರುವವರಿಗೆ ಅಳುವಿನಿಂದ ಸಿಗುವ ಸಮಾಧಾನ ಕಡಿಮೆ. ಅವರಿಗೆ ‘ಅತ್ತು ಹಗುರಾಗು’ ಎಂದಷ್ಟೇ ಹೇಳಿ ಬಿಡುವುದು ಸಾಲದು, ವೈದ್ಯರ ಬಳಿಗೆ ಕರೆದೊಯ್ಯಬೇಕು.

ಕೂಗು: ಕುರಿಮರಿಯದು, ಕೂಸಿನದು

ನೀರನ್ನು ಬಿಟ್ಟು ದನಿಯನ್ನು ಹಿಡಿದವರದು ಇನ್ನೊಂದು ಪಂಥ. ಹುಟ್ಟಿದ ಕೂಸು ಅಳುತ್ತದೆ, ಆದರೆ ಮೊದಲ ಕೆಲವು ವಾರ ಕಣ್ಣಿಂದ ನೀರು ಇಳಿಯುವುದಿಲ್ಲ. ಅಂದರೆ ಕೂಗು ಹಳೆಯದು, ಕಣ್ಣೀರು ಆಮೇಲೆ ಸೇರಿದ್ದು. ತಾಯಿ ಮಗುವಿನ ನಂಟನ್ನು ಅಧ್ಯಯನ ಮಾಡಿದ ಜಾನ್ ಬೌಲ್ಬಿ, ಅಳುವೆಂದರೆ ಅಗಲಿಕೆಯ ಕೂಗು, ಹೋದವರನ್ನು ಹತ್ತಿರಕ್ಕೆ ಕರೆತರುವ ಸಾಧನ ಎಂದ. ಯಾಕ್ ಪ್ಯಾಂಕ್‌ಸೆಪ್ 1970ರ ದಶಕದಿಂದ ನಾಯಿಮರಿ, ಕೋಳಿಮರಿಗಳ ಮೇಲೆ ಕೆಲಸ ಮಾಡಿ, ತಾಯಿಯಿಂದ ದೂರವಾದ ಮರಿಯ ಕೂಗನ್ನು ಬಹಳ ಕಡಿಮೆ ಪ್ರಮಾಣದ ಅಫೀಮಿನ ಜಾತಿಯ ಔಷಧಿ ತಗ್ಗಿಸುತ್ತದೆ ಎಂದು ತೋರಿಸಿದ. ದೇಹದ ನೋವಿಗೂ ಅಗಲಿಕೆಯ ನೋವಿಗೂ ಮಿದುಳಿನಲ್ಲಿ ಒಂದೇ ಬಗೆಯ ಮದ್ದು ಕೆಲಸ ಮಾಡುತ್ತದೆ ಎಂಬ ಈ ಅರಿವು ಅಳುವಿನ ವಿಜ್ಞಾನದ ಅತ್ಯಂತ ಗಟ್ಟಿಯಾದ ತುಣುಕು ಎಂದು ನನಗನಿಸುತ್ತದೆ.

ಕುರಿಗಾರರಿಗೆ ಈ ಪಂಥ ಹೊಸದೇನನ್ನೂ ಹೇಳುವುದಿಲ್ಲ. ಈಯ್ದ ಕುರಿ ಒಂದೆರಡು ತಾಸಿನಲ್ಲಿ ತನ್ನ ಮರಿಯ ವಾಸನೆ ಹಿಡಿಯುತ್ತದೆ, ಆಮೇಲೆ ಬೇರೆ ಮರಿಯನ್ನು ಕೆಚ್ಚಲಿಗೆ ಬಿಡುವುದಿಲ್ಲ. ಇಂಗ್ಲೆಂಡಿನ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು ಕುರಿಗಳು 50 ಕುರಿಗಳ ಮುಖವನ್ನು ಎರಡು ವರ್ಷ ನೆನಪಿಡುತ್ತವೆ ಎಂದು 2001ರಲ್ಲಿ ತೋರಿಸಿದರು. ಒಂಟಿಯಾಗಿ ಕೂಡಿಹಾಕಿದ ಕುರಿಗೆ ಪರಿಚಿತ ತಳಿಯ ಕುರಿಯ ಮುಖದ ಚಿತ್ರ ತೋರಿಸಿದರೆ ಅದರ ಕೂಗೂ ಎದೆಬಡಿತವೂ ತಗ್ಗಿದವು ಎಂಬುದು ಅವರದೇ 2004ರ ಫಲಿತಾಂಶ. ಕರು ಸತ್ತ ಹಸು ಹಾಲು ಬಿಡದಿದ್ದರೆ ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸುವ ರೂಢಿ ನಮ್ಮ ದೇಶದಲ್ಲಿ ಹಳೆಯದು. ಹಸು ಅದನ್ನು ನೆಕ್ಕುತ್ತ ಹಾಲು ಇಳಿಸುವುದನ್ನು ಕಂಡವರಿಗೆ ಪ್ರಾಣಿಗೆ ಅಗಲಿಕೆಯ ನೋವಿಲ್ಲ ಎಂದು ಒಪ್ಪಿಸುವುದು ಕಷ್ಟ.

ಕೂಗು ಜಾತಿಯ ಗಡಿಯನ್ನೂ ದಾಟುತ್ತದೆ. ಸೂಸನ್ ಲಿಂಗಲ್ ಮತ್ತು ಟೋಬಿಯಾಸ್ ರೀಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಾಯಿ ಜಿಂಕೆಗಳು ಸೀಲ್, ಬೆಕ್ಕು, ಬಾವಲಿ, ಮನುಷ್ಯರ ಮರಿಗಳ ಕೂಗಿಗೂ ಧ್ವನಿವರ್ಧಕದ ಕಡೆ ಓಡಿಬಂದವು. ದನಿಯ ಎತ್ತರ ಜಿಂಕೆಮರಿಯ ದನಿಗೆ ಹತ್ತಿರವಿದ್ದರೆ ಸಾಕಾಗಿತ್ತು. ಇನ್ನು ಮನುಷ್ಯರ ಕೂಸಿನ ಕೂಗಿಗೆ ಹುಟ್ಟುವಾಗಲೇ ಮನೆಮಾತಿನ ಧಾಟಿ ಅಂಟಿರುತ್ತದೆ. ಹುಟ್ಟಿ ವಾರವೂ ಆಗದ ಫ್ರೆಂಚ್ ಕೂಸುಗಳ ಅಳು ಏರುದನಿಯದು, ಜರ್ಮನ್ ಕೂಸುಗಳದು ಇಳಿದನಿಯದು ಎಂದು 2009ರ ಅಧ್ಯಯನವೊಂದು ಹೇಳಿತು. ಕಲಹರಿಯ ಕುಂಗ್ ಜನರ ಕೂಸುಗಳು ಪಾಶ್ಚಾತ್ಯ ಕೂಸುಗಳಷ್ಟೇ ಸಲ ಅಳುತ್ತವೆ, ಆದರೆ ಬೇಗ ಸುಮ್ಮನಾಗುತ್ತವೆ. ದಿನವಿಡೀ ತಾಯಿಯ ಮೈಗಂಟಿಕೊಂಡೇ ಇರುವುದು ಕಾರಣವಿರಬಹುದು.

ಸದ್ದಿಲ್ಲದ ಸನ್ನೆ

ಕೂಗು ತಾಯಿಯನ್ನು ಕರೆಯುತ್ತದೆ, ತೋಳನನ್ನೂ ಕರೆಯುತ್ತದೆ. ಈ ಅಪಾಯದಿಂದಲೇ ಕಣ್ಣೀರು ಹುಟ್ಟಿತು ಎನ್ನುವುದು ಇಂದು ಮುಂದಿರುವ ಪಂಥ. ದೀರ್ಘ ಬಾಲ್ಯದ ಮನುಷ್ಯನಿಗೆ ಹತ್ತಿರದವರಿಗಷ್ಟೇ ಕಾಣುವ, ದೂರಕ್ಕೆ ಕೇಳದ ಮೊರೆಯೊಂದು ಬೇಕಾಯಿತು, ಅದೇ ಕಣ್ಣೀರು ಎಂದು 2013ರ ತನ್ನ ಪುಸ್ತಕದಲ್ಲಿ ವಿಂಗರ್‌ಹೂಟ್ಸ್ ವಾದಿಸಿದ್ದಾನೆ. ಇಸ್ರೇಲಿನ ಓರೆನ್ ಹಾಸನ್ ಇದಕ್ಕೆ ಇನ್ನೊಂದನ್ನು ಸೇರಿಸಿದ: ನೀರು ತುಂಬಿದ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಅಳುವವನು ತಾನು ಹೊಡೆದಾಟಕ್ಕಿಲ್ಲ ಎಂದು ಒಪ್ಪಿಕೊಂಡಂತೆ.

ಪುರಾವೆಯೂ ಇದೆ. ಅಳುವ ಮುಖದ ಚಿತ್ರದಿಂದ ಕಣ್ಣೀರನ್ನು ಮಾತ್ರ ಅಳಿಸಿದರೆ ನೋಡುವವರಿಗೆ ಅದು ದುಃಖವೊ ಬೆರಗೊ ಗೊಂದಲವೊ ತಿಳಿಯದಂತಾಗುತ್ತದೆ ಎಂದು ರಾಬರ್ಟ್ ಪ್ರೊವೈನ್ 2009ರಲ್ಲಿ ತೋರಿಸಿದ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು 41 ದೇಶಗಳ ಸುಮಾರು 7,000 ಜನರಿಗೆ ಕಣ್ಣೀರಿರುವ, ಇಲ್ಲದ ಮುಖಗಳನ್ನು ತೋರಿಸಿತು. ಕಣ್ಣೀರಿದ್ದ ಮುಖಕ್ಕೆ ನೆರವಾಗುವ ಮನಸ್ಸು ಎಲ್ಲೆಡೆ ಹೆಚ್ಚು ಕಂಡಿತು. ಇಸ್ರೇಲಿನ ನೋಮ್ ಸೋಬೆಲ್ ಗುಂಪು ವಾಸನೆಯ ಕಡೆ ಹೋಯಿತು. ಹೆಂಗಸರ ದುಃಖದ ಕಣ್ಣೀರು ಮೂಸಿದ ಗಂಡಸರಲ್ಲಿ ಟೆಸ್ಟೋಸ್ಟೆರೋನ್ ಇಳಿಯಿತು ಎಂದು 2011ರಲ್ಲಿ, ಆಟದಲ್ಲಿ ಸೇಡು ತೀರಿಸುವ ಪ್ರವೃತ್ತಿ ಶೇ 40ಕ್ಕೂ ಹೆಚ್ಚು ತಗ್ಗಿತು ಎಂದು 2023ರಲ್ಲಿ ವರದಿ ಮಾಡಿತು. ಮೊದಲಿನ ಫಲಿತಾಂಶದ ಒಂದು ಭಾಗ ಬೇರೆಯವರ ಕೈಯಲ್ಲಿ ಮರುಕಳಿಸಲಿಲ್ಲ. ಇಲಿಗಳ ಕಣ್ಣೀರಿನಲ್ಲಿ ಇಂಥ ವಾಸನೆಯ ಸಂದೇಶ ಇರುವುದಂತೂ ಖಚಿತ.

ಈ ಪಂಥ ಎಡವುವುದು ಒಂದು ಕಡೆ: ಬಚ್ಚಲಲ್ಲಿ, ದೇವರ ಕೋಣೆಯಲ್ಲಿ, ನಡುರಾತ್ರಿ ದಿಂಬಿನಲ್ಲಿ ಮುಖ ಹುದುಗಿಸಿ ಅಳುವವರ ಸನ್ನೆ ಯಾರಿಗೆ?

ಕೇರಿಯ ಅಳು

ಹಾಡ್ಯಾಡಿ ಅಳುವುದನ್ನು ಮೇಲಿನ ಯಾವ ಪಂಥವೂ ಪೂರ್ತಿ ವಿವರಿಸಲಾರದು. ಇಲ್ಲಿಗೆ ಸಮಾಜಶಾಸ್ತ್ರಜ್ಞರು ಬರುತ್ತಾರೆ. ಅಂಡಮಾನಿನಲ್ಲಿ ಅಧ್ಯಯನ ಮಾಡಿದ ರಾಡ್‌ಕ್ಲಿಫ್-ಬ್ರೌನ್, ಬಹಳ ದಿನದ ಮೇಲೆ ಭೇಟಿಯಾದ ಗೆಳೆಯರು ಒಬ್ಬರನ್ನೊಬ್ಬರು ಅಪ್ಪಿ ಅಳುವುದು ಅಲ್ಲಿನ ಕಡ್ಡಾಯ ಶಿಷ್ಟಾಚಾರ ಎಂದು 1922ರಲ್ಲಿ ಬರೆದ. ಲಂಬಾಣಿ ಹೆಂಗಸರ ಭೇಟಿಯನ್ನು ಕಂಡವರಿಗೆ ಇದು ದೂರದ ಸುದ್ದಿಯಲ್ಲ. ಎಮಿಲ್ ಡರ್ಕೈಮ್ 1912ರಲ್ಲಿ, ಮಾರ್ಸೆಲ್ ಮೋಸ್ 1921ರಲ್ಲಿ ಹೇಳಿದ್ದು ಒಂದೇ: ಸಾವಿನ ಅಳು ಒಬ್ಬರ ಎದೆಯಿಂದ ಉಕ್ಕಿದ್ದಕ್ಕಿಂತ ಗುಂಪು ಹೊರಿಸಿದ ಕರ್ತವ್ಯ.

ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕರ್ತವ್ಯವೆಂದ ಮಾತ್ರಕ್ಕೆ ಅದು ಪೊಳ್ಳಲ್ಲ. ಢಾವಲೋ ಕಲಿತ ಹುಡುಗಿ ಧಾಟಿಯನ್ನು ಕಲಿತಿರುತ್ತಾಳೆ, ತವರಿನ ನೆನಪು ಅವಳದೇ. ಜೇಮ್ಸ್ ಹೇಳಿದಂತೆ ಧಾಟಿಯೇ ದುಃಖವನ್ನು ಎಬ್ಬಿಸುತ್ತದೆ. ಭರತ ಹೇಳಿದಂತೆ ಏಕಾಗ್ರತೆ ಅದನ್ನು ನಿಜ ಮಾಡುತ್ತದೆ. ಹಾಡ್ಯಾಡಿ ಅಳುವಾಗ ಇನ್ನೊಂದು ಕೆಲಸವೂ ನಡೆಯುತ್ತದೆ. ಸತ್ತವರು ಬದುಕಿದ್ದಾಗ ಸೊಸೆ ಹೇಳಲಾಗದ್ದನ್ನು, ಅಣ್ಣತಮ್ಮಂದಿರ ಮನೆಯಲ್ಲಿ ಸಿಗದ ಪಾಲನ್ನು, ಗಂಡನ ಮನೆಯ ಕಷ್ಟವನ್ನು ಹೆಣ್ಣುಮಕ್ಕಳು ಆ ಹೊತ್ತಿಗೆ ಎಲ್ಲರ ಎದುರು ಹೇಳಬಲ್ಲರು, ಯಾರೂ ತಡೆಯುವುದಿಲ್ಲ.

ಮುಖತಃ ಕಾಣದವರಿಗಾಗಿ ಜನ ಅಳುವುದೂ ಇಲ್ಲಿಗೇ ಸೇರುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ತೀರಿಕೊಂಡಾಗ ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ ಗಂಡಸರೂ ಬಹಿರಂಗವಾಗಿ ಅತ್ತರು. ಗಂಡಸು ಅಳಬಾರದು ಎಂಬ ಕಟ್ಟು ಎಷ್ಟರಮಟ್ಟಿಗೆ ಹಾರ್ಮೋನಿನದು, ಎಷ್ಟರಮಟ್ಟಿಗೆ ಕೇರಿಯದು ಎಂಬ ಚರ್ಚೆಗೆ ಇದೊಂದು ಒಳ್ಳೆಯ ಉದಾಹರಣೆ. ಚಿಕ್ಕಂದಿನಲ್ಲಿ ಗಂಡು ಹೆಣ್ಣು ಮಕ್ಕಳ ಅಳುವಿನಲ್ಲಿ ಹೆಚ್ಚು ಅಂತರವಿಲ್ಲ, ಹರೆಯಕ್ಕೆ ಬರುವ ಹೊತ್ತಿಗೆ ಬೀಳುತ್ತದೆ. 37 ದೇಶಗಳನ್ನು ಹೋಲಿಸಿದ 2011ರ ಅಧ್ಯಯನದಲ್ಲಿ ಅಳುವೂ ಈ ಅಂತರವೂ ಹೆಚ್ಚಿದ್ದದ್ದು ಹೆಂಗಸರಿಗೆ ಸ್ವಾತಂತ್ರ್ಯ ಹೆಚ್ಚಿರುವ ಶ್ರೀಮಂತ ದೇಶಗಳಲ್ಲಿ. ಬಡತನ, ಕಷ್ಟ ಹೆಚ್ಚಿದ್ದಲ್ಲಿ ಜನ ಹೆಚ್ಚು ಅಳುತ್ತಾರೆ ಎಂಬ ಊಹೆಯನ್ನು ಅದು ತಲೆಕೆಳಗು ಮಾಡಿತು.

ಎತ್ತು, ಆನೆ, ನಾಯಿ

ಸಾಕಿದ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋದಾಗ ಅದು ಕಣ್ಣೀರು ಹಾಕಿತು ಎಂದು ಹೇಳುವ ರೈತರು ನಮ್ಮಲ್ಲಿ ಅನೇಕರು. ದನದ ಕಣ್ಣಿಂದ ನೀರು ಇಳಿಯುವುದು ನಿಜ. ಪಶುವೈದ್ಯರು ಮೊದಲು ನೋಡುವುದು ಧೂಳು, ಕಣ್ಣುಬೇನೆ, ನೊಣದಿಂದ ಹರಡುವ ಥೆಲಾಜಿಯಾ ಎಂಬ ಕಣ್ಣಿನ ಹುಳು. ಆನೆಯ ಮಾತಿಗೆ ಡಾರ್ವಿನ್ನನೂ ಮನಸೋತಿದ್ದ. ಸಿಲೋನಿನಲ್ಲಿ ಸೆರೆಹಿಡಿದ ಆನೆಗಳು ಅತ್ತವೆಂಬ, ಟೆನೆಂಟ್ ಎಂಬವನ ವರದಿಯನ್ನು ತನ್ನ ಪುಸ್ತಕದಲ್ಲಿ ಸೇರಿಸಿದ. ಆದರೆ ಆನೆಗೆ ನಮ್ಮಂಥ ಕಣ್ಣೀರ ಗ್ರಂಥಿಯೂ ಇಲ್ಲ, ನೀರನ್ನು ಮೂಗಿಗೆ ಒಯ್ಯುವ ನಾಳವೂ ಇಲ್ಲ. ಕಣ್ಣಿನ ತೇವ ಸದಾ ಕೆನ್ನೆಗೇ ಇಳಿಯುತ್ತದೆ. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆಯೊಡನೆ ಕಾದಿ ಸತ್ತಾಗ ಮಾವುತ ಅತ್ತಿದ್ದು ನಾಡಿಗೆಲ್ಲ ಕಂಡಿತು. ಆನೆಗಳು ಸತ್ತ ಒಡನಾಡಿಯ ಬಳಿ ನಿಂತು ಮುಟ್ಟುತ್ತವೆ, ಎಬ್ಬಿಸಲು ನೋಡುತ್ತವೆ. ಅವುಗಳ ದುಃಖವನ್ನು ಅಲ್ಲಿ ಹುಡುಕಬೇಕು, ಕಣ್ಣಿನಲ್ಲಲ್ಲ.

ಮನುಷ್ಯನಿಗೆ ಮಾತ್ರ ಭಾವದ ಕಣ್ಣೀರು ಎಂಬ ಮಾತಿಗೆ ಒಂದು ಸವಾಲು 2022ರಲ್ಲಿ ಜಪಾನಿನಿಂದ ಬಂತು. ತಕೆಫುಮಿ ಕಿಕುಸುಯಿ ಗುಂಪು, ಯಜಮಾನ ಮನೆಗೆ ಮರಳಿದಾಗ ನಾಯಿಯ ಕಣ್ಣಿನಲ್ಲಿ ನೀರು ಹೆಚ್ಚುವುದನ್ನು ಅಳೆಯಿತು; ಬೇರೆ ಪರಿಚಿತರು ಬಂದಾಗ ಹಾಗಾಗಲಿಲ್ಲ. ನಾಯಿಗಳ ಸಂಖ್ಯೆ ಸಣ್ಣದು, ನೀರು ಕೆನ್ನೆಗೆ ಇಳಿಯುವಷ್ಟಲ್ಲ. ಗಮನಿಸಬೇಕಾದ್ದು, ಅದು ಅಗಲಿಕೆಯ ನೀರಲ್ಲ, ಮರಳಿ ಸಿಕ್ಕ ಸಂತೋಷದ್ದು.

ತೀರ್ಮಾನವಾಗದೆ ಉಳಿದದ್ದು

ಮನುಷ್ಯನಿಗೆ ಭಾವದ ಕಣ್ಣೀರು ಯಾವಾಗ ಬಂತು ಎಂಬುದಕ್ಕೆ ಉತ್ತರವಿಲ್ಲ, ಕಣ್ಣೀರು ಪಳೆಯುಳಿಕೆ ಬಿಡುವುದಿಲ್ಲ. ಸಂತೋಷಕ್ಕೂ ದುಃಖಕ್ಕೂ ಅದೇ ನೀರು ಏಕೆ ಎಂಬುದು ಬಗೆಹರಿದಿಲ್ಲ. ಒಂಟಿಯಾಗಿ ಅಳುವುದು ಹಳೆಯ ಮೊರೆಯ ಅಭ್ಯಾಸಬಲವೊ, ಅದಕ್ಕೆ ತನ್ನದೇ ಪ್ರಯೋಜನವಿದೆಯೊ ತಿಳಿಯದು. ನಾಯಿಯ ಫಲಿತಾಂಶ ದೊಡ್ಡ ಸಂಖ್ಯೆಯಲ್ಲಿ ನಿಲ್ಲುತ್ತದೆಯೆ, ದನ, ಕುರಿ, ಕುದುರೆಗಳಲ್ಲೂ ಕಾಣುತ್ತದೆಯೆ ಎಂದು ನೋಡಬೇಕಾಗಿದೆ. ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ ಧಾಟಿಯ ಅಳುವಿನದು. ಪ್ರಯೋಗಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಕತ್ತಲಕೋಣೆಯಲ್ಲಿ ಸಿನಿಮಾದ ಮುಂದೆ ಕೂರಿಸಿ ಮಾಡಿದವು. ಹತ್ತು ಜನರ ನಡುವೆ, ಮಾತು ಕಟ್ಟಿ, ರಾಗ ಹಿಡಿದು ಅಳುವವರ ಮನಸ್ಸೂ ಮೈಯೂ ಏನಾಗುತ್ತವೆ ಎಂಬುದನ್ನು ಆ ಕೋಣೆ ಹೇಳಲಾರದು.

ಅದನ್ನು ಹೇಳಬಲ್ಲವರು ಗಜೇಂದ್ರಗಡದ ತಾಂಡಾಗಳಲ್ಲಿ, ರೋಣದ ಓಣಿಗಳಲ್ಲಿ ಇನ್ನೂ ಇದ್ದಾರೆ, ಆದರೆ ಹೆಚ್ಚಿನವರು ವಯಸ್ಸಾದವರು. ಮದುವೆ ಮನೆಯ ಡಿಜೆ ಸದ್ದಿನಲ್ಲಿ ಢಾವಲೋ ಕೇಳದಂತಾಗುತ್ತಿದೆ. ಜಾನಪದ ವಿಶ್ವವಿದ್ಯಾಲಯ ಗೊಟಗೋಡಿಯಲ್ಲಿ, ಕನ್ನಡ ವಿಶ್ವವಿದ್ಯಾಲಯ ಹಂಪಿಯಲ್ಲಿ, ಎರಡೂ ಹತ್ತಿರದಲ್ಲಿವೆ. ಅವುಗಳ ಸಂಶೋಧಕರು ಮನೋವೈದ್ಯರನ್ನು ಜೊತೆಗೂಡಿಸಿಕೊಂಡು, ಆ ಹೆಂಗಸರ ಒಪ್ಪಿಗೆ ಪಡೆದು, ಅವರ ಅಳುವನ್ನೂ ಅದರ ಬಗ್ಗೆ ಅವರೇ ಹೇಳುವುದನ್ನೂ ಈಗಲೇ ದಾಖಲಿಸಬೇಕು. ನಿಮ್ಮ ಮನೆಯಲ್ಲಿ ಅಂಥ ಅಜ್ಜಿಯೊಬ್ಬರಿದ್ದರೆ ಸಂಶೋಧಕರಿಗಾಗಿ ಕಾಯದೆ ನೀವೇ ಕೇಳಿ ಬರೆದುಕೊಳ್ಳಿ.